ನೀರಿಲ್ಲದ ಅಭ್ಯಂಜನ

ಭದ್ರಾವತಿಯ ಕಬ್ಬಿಣದ ಕಾರ್ಖಾನೆಯಲ್ಲಿ ದುಡಿದವರ ಮನೆಗಳಲ್ಲಿ ಆಯುಧಪೂಜೆಯು ಯುಗಾದಿಗಿಂತಲೂ ಒಂದು ಗುಲಗಂಜಿ ತೂಕ ಹೆಚ್ಚಿನ ಹಬ್ಬ. ಅಂದು ಯಂತ್ರಗಳಿಗೆ ಹೂಮಾಲೆ, ಬೂದುಗುಂಬಳಕಾಯಿ, ಕಡಲೆಪುರಿ ಎಲ್ಲವೂ ಸಲ್ಲುತ್ತಿದ್ದುವೆಂಬುದು ಎಲ್ಲರಿಗೂ ತಿಳಿದ ಸಂಗತಿ. ಹಬ್ಬದ ಹಿಂದಿನ ದಿನ ನಡೆಯುತ್ತಿದ್ದ ಕೆಲಸವನ್ನು ಕಂಡವರು ಮಾತ್ರ ಕಡಮೆ. ಲೇತುಗಳನ್ನು ನಿಲ್ಲಿಸಿ, ಅವುಗಳ ಮೈಗಂಟಿದ ಜಿಡ್ಡನ್ನು ಬಟ್ಟೆಯಿಂದ ತೊಡೆದು, ಇರುಕುಗಳಲ್ಲಿ ಸೇರಿಕೊಂಡ ಲೋಹದ ಪುಡಿಯನ್ನು ಕುಂಚದಿಂದ ತೆಗೆದು, ಸಡಿಲವಾದ ತಿರುಪುಗಳನ್ನು ಒಂದೊಂದಾಗಿ ಬಿಗಿಯುತ್ತಿದ್ದರು. ಕಾರ್ಖಾನೆಯಲ್ಲಿ ಫಿಟ್ಟರಾಗಿದ್ದ ನನ್ನ ಸೋದರಮಾವನವರು ಹಬ್ಬದ ಬೆಳಗ್ಗೆ, “ಪೂಜೆ ನಿನ್ನೆಯೇ ಮುಗಿಯಿತು, ಇವತ್ತು ಮಂಗಳಾರತಿ ಮಾತ್ರ” ಎನ್ನುತ್ತಿದ್ದರು.

ಆ ಕಾರ್ಖಾನೆಯಲ್ಲಿ 1923ರಲ್ಲಿ ಉತ್ಪಾದನೆ ಮೊದಲಾಯಿತು. ಕೆಮ್ಮಣ್ಣುಗುಂಡಿಯ ಬೆಟ್ಟದಿಂದ ಅದಿರು ಬರುತ್ತಿತ್ತು; ಅದನ್ನು ಕರಗಿಸಲು ಮಲೆನಾಡಿನ ಕಾಡುಗಳ ಮರವನ್ನು ಸುಟ್ಟ ಇದ್ದಿಲು ಬರುತ್ತಿತ್ತು. ಕಲ್ಲಿದ್ದಲಿಲ್ಲದ ನಾಡಿನಲ್ಲಿ ಇದ್ದಿಲಿನಿಂದಲೇ ಕಬ್ಬಿಣ ಮಾಡಿದ ಆ ಕಾರ್ಖಾನೆಯನ್ನು ಸರ್ ಎಂ. ವಿಶ್ವೇಶ್ವರಯ್ಯನವರು ಅದರ ಮೊದಲ ಕಷ್ಟದ ವರ್ಷಗಳಲ್ಲಿ ಅಧ್ಯಕ್ಷರಾಗಿ ನಡೆಸಿದರು. ಇದ್ದಿಲಿನ ಧೂಳು ಎಂತಹುದು ಎಂಬುದನ್ನು ಅಲ್ಲಿ ದುಡಿದವರನ್ನೇ ಕೇಳಬೇಕು. ಅದು ಅಂಗಿಯ ಹೊಲಿಗೆಯಲ್ಲಿ, ಉಗುರಿನ ಸಂದಿನಲ್ಲಿ, ಊಟದ ಡಬ್ಬಿಯ ಮುಚ್ಚಳದಲ್ಲಿ ಸೇರಿಕೊಳ್ಳುತ್ತಿತ್ತಂತೆ. ಯಂತ್ರಕ್ಕೆ ಶತ್ರು ಯಾರು ಎಂದು ಮಾವನವರನ್ನು ಕೇಳಿದರೆ ಅವರು ತುಕ್ಕಿನ ಹೆಸರನ್ನು ಎರಡನೆಯದಾಗಿ ಹೇಳುವರು. ಮೊದಲನೆಯ ಹೆಸರು ಧೂಳಿನದು.

ಈಗ ನಮ್ಮ ಮನೆಗಳಿಗೆ ಇನ್ನೊಂದು ಬಗೆಯ ಯಂತ್ರ ಬಂದಿದೆ. ಗಣಕಯಂತ್ರಕ್ಕೆ ಎಣ್ಣೆ ಬೇಡ, ಜಿಡ್ಡು ಬೇಡ. ಅದು ಸದ್ದು ಮಾಡುವುದು ಅಪರೂಪ. ಮೇಜಿನ ಕೆಳಗೊಂದು ಪೆಟ್ಟಿಗೆ, ಮೇಲೊಂದು ತೆರೆ, ಮುಂದೊಂದು ಕೀಲಿಮಣೆ. ಇದನ್ನು ನೋಡಿದವರು ಇದೊಂದು ಯಂತ್ರವೆಂಬುದನ್ನೇ ಮರೆಯುತ್ತಾರೆ. ಟೆಲಿವಿಷನ್ನಿನಂತೆ, ಗೋಡೆಯ ಗಡಿಯಾರದಂತೆ, ತನ್ನಷ್ಟಕ್ಕೆ ತಾನಿರುವ ಒಂದು ವಸ್ತುವೆಂದು ತಿಳಿಯುತ್ತಾರೆ. ಆದರೆ ಆ ಪೆಟ್ಟಿಗೆಯು ಉಸಿರಾಡುತ್ತದೆ. ಮುಂಭಾಗದ ಕಿಂಡಿಗಳಿಂದ ಗಾಳಿಯನ್ನು ಒಳಗೆಳೆದು, ಹಿಂಭಾಗದ ಫ್ಯಾನಿನಿಂದ ಹೊರಕ್ಕೆ ದೂಡುತ್ತದೆ. ಒಳಗಿರುವ ಸಂಸ್ಕಾರಕವು ಅಂಗೈಗಿಂತ ಚಿಕ್ಕದಾದ ಬಿಲ್ಲೆ. ಆದರೆ ಕೆಲಸದ ಭರದಲ್ಲಿ ಅದು ಉಗುಳುವ ಶಾಖ ಹಳೆಯ ಕಾಲದ 60 ವ್ಯಾಟಿನ ಬಲ್ಬಿಗೆ ಸಮನಾದದ್ದು, ಎಷ್ಟೋ ಸಲ ಅದಕ್ಕಿಂತ ಹೆಚ್ಚಿನದು. ಆ ಶಾಖವನ್ನು ಹೀರಿ ಗಾಳಿಗೆ ಬಿಡುವುದಕ್ಕಾಗಿ ಅದರ ನೆತ್ತಿಯ ಮೇಲೆ ಅಲ್ಯೂಮಿನಿಯಮ್ಮಿನ ತೆಳು ಎಸಳುಗಳ ಒಂದು ಕಟ್ಟು, ಅದರ ಮೇಲೊಂದು ಫ್ಯಾನು ಇರುತ್ತವೆ. ಗಾಳಿಯೊಡನೆ ಧೂಳೂ ಬರುತ್ತದೆ. ಕೂದಲು, ಹತ್ತಿಯ ಎಳೆ, ಊದುಬತ್ತಿಯ ಹೊಗೆ, ಒಗ್ಗರಣೆಯ ಜಿಡ್ಡು ಇವೆಲ್ಲ ಸೇರಿ ಆ ಎಸಳುಗಳ ನಡುವೆ ಕಂಬಳಿಯಂತಹ ಒಂದು ಪದರ ನೇಯ್ದುಕೊಳ್ಳುತ್ತವೆ. ಚೈತ್ರ ವೈಶಾಖದ ಬಿಸಿಲಿನಲ್ಲಿ ಕಂಬಳಿ ಹೊದ್ದು ಓಡುವವನ ಪಾಡು ಏನಾದೀತೋ ಆ ಯಂತ್ರದ ಪಾಡೂ ಅದೇ. ಬಿಸಿ ಮಿತಿಮೀರುತ್ತಿದ್ದಂತೆ ಅದು ಮೊದಲು ತನ್ನ ವೇಗವನ್ನು ತಾನೇ ತಗ್ಗಿಸಿಕೊಳ್ಳುತ್ತದೆ; ಸುಮಾರು 100 ಡಿಗ್ರಿ ಸೆಲ್ಸಿಯಸ್ಸಿನ ಹತ್ತಿರಕ್ಕೆ ಬಂದರೆ ಪ್ರಾಣ ಉಳಿಸಿಕೊಳ್ಳಲು ಒಮ್ಮೆಲೇ ಆರಿಹೋಗುತ್ತದೆ. ಜನರು ಇದನ್ನು ರೋಗವೆಂದು ತಿಳಿಯುತ್ತಾರೆ. ನಿಜವಾಗಿ ಇದು ರಕ್ಷಣೆಯ ಉಪಾಯ.

ಭದ್ರಾವತಿಯ ಹೊಸಮನೆಯಲ್ಲಿರುವ ನನ್ನ ಭಾವನವರಿಗೆ ಇಂತಹದೇ ಒಂದು ಪ್ರಸಂಗ ಒದಗಿತು. ಅವರು ಮೇಲೆ ಹೇಳಿದ ಸೋದರಮಾವನವರ ಮಗ. ತಂದೆ ಕಬ್ಬಿಣಕ್ಕೆ ದುಡಿದರೆ ಮಗ ಕಾಗದಕ್ಕೆ ದುಡಿದವರು. 1936ರಲ್ಲಿ ಸ್ಥಾಪನೆಯಾದ ಮೈಸೂರು ಕಾಗದ ಕಾರ್ಖಾನೆಯಲ್ಲಿ 2015ರಲ್ಲಿ ಉತ್ಪಾದನೆ ನಿಂತುಹೋದಾಗ ನೂರಾರು ಮನೆಗಳಲ್ಲಿ ನಾಳೆಯ ಚಿಂತೆ ಹುಟ್ಟಿತು. ಭಾವನವರು ಹಳೆಯದೊಂದು ಗಣಕಯಂತ್ರವನ್ನು ಕೊಂಡು, ಮನೆಯ ಮುಂದಿನ ಕೋಣೆಯಲ್ಲಿಟ್ಟುಕೊಂಡು, ‘ನುಡಿ’ಯಲ್ಲಿ ಕನ್ನಡ ಬೆರಳಚ್ಚು ಕಲಿತರು. ಅರ್ಜಿಗಳು, ಮದುವೆಯ ಕರೆಯೋಲೆಗಳು, ಸಹಕಾರ ಸಂಘಗಳ ವಾರ್ಷಿಕ ವರದಿಗಳು ಹೀಗೆ ಕೆಲಸ ಬರತೊಡಗಿತು. ಮಗಳ ಕಾಲೇಜಿನ ಶುಲ್ಕವೂ ತಂದೆಯವರ ಔಷಧಿಯ ವೆಚ್ಚವೂ ಆ ಪೆಟ್ಟಿಗೆಯಿಂದಲೇ ಹೊರಡಬೇಕಾಗಿತ್ತು.

2019ರ ಏಪ್ರಿಲ್ ತಿಂಗಳಲ್ಲಿ ಅದು ಮಧ್ಯಾಹ್ನವಾಗುತ್ತಲೇ ಆರಿಹೋಗತೊಡಗಿತು. ಬೆಳಗ್ಗೆ ಸರಿಯಾಗಿರುವುದು, ಹನ್ನೆರಡು ಗಂಟೆಯ ಮೇಲೆ ಹತ್ತು ನಿಮಿಷಕ್ಕೊಮ್ಮೆ ಕಣ್ಣು ಮುಚ್ಚುವುದು. ಒಂದು ಸಂಘದ ವರದಿಯು ಆ ವಾರದಲ್ಲೇ ಅಚ್ಚಿಗೆ ಹೋಗಬೇಕಾಗಿತ್ತು. ಭಾವನವರು ಪೆಟ್ಟಿಗೆಯನ್ನು ಚೀಲದಲ್ಲಿ ಕಟ್ಟಿಕೊಂಡು ಬಸ್ಸು ಹತ್ತಿ ಶಿವಮೊಗ್ಗಕ್ಕೆ ಬಂದರು. ಒಂದು ಅಂಗಡಿಯವನು ಅದನ್ನು ಬಿಚ್ಚಿಯೂ ನೋಡದೆ, “ಮದರ್‌ಬೋರ್ಡು ಹೋಗಿದೆ, ಏಳೂವರೆ ಸಾವಿರ ಆಗುತ್ತೆ” ಎಂದನು. ಭಾವನವರು ಯೋಚಿಸಿ ಹೇಳುವೆನೆಂದು ನಮ್ಮ ಮನೆಗೆ ಬಂದರು. ಮುಖ ಬಾಡಿತ್ತು. ಬೆಳಗ್ಗೆ ಸರಿಯಾಗಿದ್ದು ಬಿಸಿಲೇರಿದಾಗ ಕೆಡುವ ಯಂತ್ರಕ್ಕೆ ಬಂದಿರುವುದು ಬಿಸಿಯ ಬಾಧೆಯಲ್ಲದೆ ಬೇರೆಯಲ್ಲವೆಂದು ನನಗೆ ತೋರಿತು. “ಭಾವ, ಒಂದು ರೂಪಾಯಿಯನ್ನೂ ಕೊಡಬೇಡಿ; ನಾಳೆ ಭಾನುವಾರ, ನಾನೇ ಬರುತ್ತೇನೆ” ಎಂದೆ.

ಮರುದಿನ ಹೊಸಮನೆಯಲ್ಲಿ ಕೆಲಸ ಆರಂಭವಾದಾಗ ಮಾವನವರು ಕುರ್ಚಿಯನ್ನೆಳೆದುಕೊಂಡು ಹತ್ತಿರ ಕುಳಿತರು. ಅವರಿಗೆ ಆಗ ಎಂಬತ್ತರ ಹತ್ತಿರದ ವಯಸ್ಸು. ಗಣಕಯಂತ್ರದ ವಿದ್ಯೆ ಅವರಿಗೆ ತಿಳಿಯದು. ಆದರೆ ಮಗನು ಗೋಡೆಯ ಸ್ವಿಚ್ಚನ್ನು ಆರಿಸಿ ತಿರುಪಿಗೆ ಕೈ ಹಚ್ಚಿದೊಡನೆ ಅವರು, “ತಡಿಯೋ. ಆರಿಸಿದ್ದೀಯೆ, ಸರಿ. ಕಿತ್ತಿದ್ದೀಯಾ?” ಎಂದು ಕೇಳಿದರು.

“ಸ್ವಿಚ್ಚು ಆರಿಸಿದ್ದೇನಲ್ಲ ಅಪ್ಪಯ್ಯ.”

“ಸ್ವಿಚ್ಚನ್ನು ಇನ್ನೊಬ್ಬ ಬಂದು ಹಾಕಬಹುದು. ನಾವು ಯಂತ್ರಕ್ಕೆ ಕೈ ಹಾಕುವ ಮೊದಲು ಫ್ಯೂಸು ಕಿತ್ತು ಜೇಬಿನಲ್ಲಿಟ್ಟುಕೊಳ್ಳುತ್ತಿದ್ದೆವು. ಕೆಲಸ ಮುಗಿಸಿದವನೇ ಅದನ್ನು ತಿರುಗಿ ಹಾಕಬೇಕು.”

ಈ ಮಾತಿನಲ್ಲಿ ಅವರಿಗೇ ತಿಳಿಯದಿದ್ದ ಇನ್ನೂ ಎರಡು ಅರ್ಥಗಳಿದ್ದುವು. ಮನೆಯ ತಂತಿಗಳನ್ನು ಜೋಡಿಸಿದವನು ಅವುಗಳನ್ನು ಅದಲುಬದಲು ಮಾಡಿದ್ದರೆ, ಸ್ವಿಚ್ಚು ಆರಿಸಿದ ಮೇಲೂ ವಿದ್ಯುತ್ತು ಯಂತ್ರದ ಬಾಗಿಲಿನವರೆಗೆ ಬಂದು ನಿಂತಿರುತ್ತದೆ. ಅಲ್ಲದೆ ಯು.ಪಿ.ಎಸ್. ಇರುವ ಮನೆಗಳಲ್ಲಿ ಗೋಡೆಯ ಪ್ಲಗ್ಗನ್ನು ಕಿತ್ತರೂ ಸಾಲದು. ಅದರ ಬ್ಯಾಟರಿಯು ತನ್ನ ಕೆಲಸವನ್ನು ನಿಷ್ಠೆಯಿಂದ ಮಾಡುತ್ತಲೇ ಇರುತ್ತದೆ. ಆದುದರಿಂದ ಮೊದಲು ಯಂತ್ರವನ್ನು ಕ್ರಮವಾಗಿ ಮುಚ್ಚಿ, ಪೆಟ್ಟಿಗೆಯ ಹಿಂದಿನಿಂದಲೇ ವಿದ್ಯುತ್ತಿನ ತಂತಿಯನ್ನು ಕಳಚಿ, ಉಳಿದ ತಂತಿಗಳನ್ನೂ ಬಿಡಿಸಿ, ಆಮೇಲೆ ಮುಂದಿನ ಗುಂಡಿಯನ್ನು ಹತ್ತು ಸೆಕೆಂಡು ಒತ್ತಿ ಹಿಡಿಯಬೇಕು. ಒಳಗೆ ಉಳಿದಿದ್ದ ಅಲ್ಪಸ್ವಲ್ಪ ವಿದ್ಯುತ್ತು ಅದರಿಂದ ಹರಿದುಹೋಗುತ್ತದೆ. ಯಾವ ತಂತಿ ಎಲ್ಲಿತ್ತೆಂಬುದನ್ನು ಬಿಡಿಸುವ ಮೊದಲೇ ಒಂದು ಕಾಗದದಲ್ಲಿ ಗುರುತು ಹಾಕಿಕೊಳ್ಳುವುದು ಒಳ್ಳೆಯದು.

ಪೆಟ್ಟಿಗೆಯ ಪಕ್ಕದ ಹಲಗೆಯನ್ನು ತೆಗೆದಾಗ ಭಾವನವರು “ಅಯ್ಯೋ” ಎಂದರು. ಲೋಹದ ಎಸಳುಗಳು ಕಾಣಿಸಲೇ ಇಲ್ಲ. ಫ್ಯಾನಿನ ಕೆಳಗೆ ಬೂದುಬಣ್ಣದ ಒಂದು ದಪ್ಪ ಕಂಬಳಿ! ರಸ್ತೆಯ ಕೆಂಪು ಧೂಳು ಅಂಚಿನಲ್ಲಿ ಕೂತು ಅದಕ್ಕೆ ಜರಿಯನ್ನೂ ಹಾಕಿತ್ತು. ಮಾವನವರು ಮಾತ್ರ ಅಚ್ಚರಿಗೊಳ್ಳಲಿಲ್ಲ. ಮೂರೂವರೆ ವರ್ಷ ಯಾರೂ ಬಾಗಿಲು ತೆರೆಯದ ಕೋಣೆಯಲ್ಲಿ ಇನ್ನೇನು ಇರುತ್ತದೆ ಎಂಬ ಭಾವ ಅವರ ಮುಖದಲ್ಲಿತ್ತು.

ಧೂಳನ್ನು ಕಂಡೊಡನೆ ಬಟ್ಟೆ ತೆಗೆದುಕೊಂಡು ಒರಸಬೇಕೆಂದು ಯಾರಿಗೂ ಅನ್ನಿಸುತ್ತದೆ. ಇಲ್ಲಿ ಕೈ ತಡೆಯಬೇಕು. ಬಟ್ಟೆಯ ಎಳೆಯು ಸೂಜಿಯಂತಹ ಸಣ್ಣ ಮೊನೆಗಳಿಗೆ ಸಿಕ್ಕಿ ಏನನ್ನಾದರೂ ಕೀಳಬಹುದು. ತಿಕ್ಕಿದಾಗ ಹುಟ್ಟುವ ಸ್ಥಿರ ವಿದ್ಯುತ್ತು ಬೇರೊಂದು ಅಪಾಯ. ಪ್ಲಾಸ್ಟಿಕ್ಕಿನ ಬಾಚಣಿಗೆಯಿಂದ ಒಣಗಿದ ತಲೆಯನ್ನು ಬಾಚಿ, ಅದನ್ನು ಕಾಗದದ ಚೂರುಗಳ ಬಳಿ ಹಿಡಿದು ನೀವು ಆಟವಾಡಿದ್ದೀರಿ. ಆ ಶಕ್ತಿಯೇ ಇದು. ಬೆರಳಿನಿಂದ ಚಟ್ಟನೆ ಕಿಡಿ ಹಾರಿದ್ದು ನಮ್ಮ ಅರಿವಿಗೆ ಬರಬೇಕಾದರೆ ಅದು ಸುಮಾರು 3000 ವೋಲ್ಟಿನಷ್ಟಿರಬೇಕು. ಅದರಲ್ಲಿ ಸಣ್ಣದೊಂದು ಪಾಲು, ಎಂದರೆ ನಮಗೆ ಏನೂ ತಿಳಿಯದಷ್ಟು ಪ್ರಮಾಣದ ಕಿಡಿಯೂ, ಒಳಗಿನ ಸೂಕ್ಷ್ಮ ಬಿಲ್ಲೆಗಳನ್ನು ಕೆಡಿಸಬಲ್ಲದು. ಮಾಗಿಯ ಒಣಹವೆಯಲ್ಲಿ ಈ ಭಯ ಹೆಚ್ಚು, ಶ್ರಾವಣದ ತೇವದಲ್ಲಿ ಕಡಮೆ. ರೇಷ್ಮೆ, ಉಣ್ಣೆ, ನೈಲಾನುಗಳನ್ನು ಬಿಟ್ಟು ಹತ್ತಿಯ ಬಟ್ಟೆ ತೊಟ್ಟು, ಆಗಾಗ ಪೆಟ್ಟಿಗೆಯ ಬಣ್ಣವಿಲ್ಲದ ಲೋಹದ ಭಾಗವನ್ನು ಮುಟ್ಟುತ್ತ ಕೆಲಸ ಮಾಡಿದರೆ ಮೈಯಲ್ಲಿ ಸೇರಿದ ವಿದ್ಯುತ್ತು ಬಿಲ್ಲೆಗಳನ್ನು ಹುಡುಕಿಕೊಂಡು ಹೋಗುವುದಿಲ್ಲ.

ಭಾವನವರಿಗೆ ಒಂದು ಸುಲಭದ ದಾರಿ ಹೊಳೆಯಿತು. ಬೀದಿಯ ಕೊನೆಯಲ್ಲಿರುವ ಪಂಕ್ಚರ್ ಅಂಗಡಿಗೆ ಒಯ್ದು ಗಾಳಿ ಹೊಡೆಸಿದರೆ ಒಂದೇ ನಿಮಿಷದ ಕೆಲಸವಲ್ಲವೆ? ಇಂತಹ ಉಪಾಯವನ್ನು ನಮ್ಮೂರುಗಳಲ್ಲಿ ಅನೇಕರು ಮಾಡುತ್ತಾರೆ. ಆದರೆ ಗಾಳಿಯನ್ನು ಅದುಮಿದಾಗ ಅದರಲ್ಲಿದ್ದ ತೇವವು ನೀರಾಗಿ ತೊಟ್ಟಿಯ ತಳದಲ್ಲಿ ನಿಲ್ಲುತ್ತದೆ. ಪಂಪಿನ ಎಣ್ಣೆಯೂ ಅದರೊಡನೆ ಬೆರೆಯುತ್ತದೆ. ಲಾರಿಯ ಚಕ್ರಕ್ಕೆ ಅದರಿಂದ ಬಾಧಕವಿಲ್ಲ, ಗಣಕಯಂತ್ರಕ್ಕೆ ಉಂಟು. ಕೈಯಿಂದ ಒತ್ತಿ ಊದುವ ರಬ್ಬರಿನ ಚೆಂಡೋ ಸಣ್ಣ ಬ್ಲೋವರೋ ಸಾಕು. ಡಬ್ಬಿಯಲ್ಲಿ ತುಂಬಿದ ಗಾಳಿಯೂ ಅಂಗಡಿಗಳಲ್ಲಿ ದೊರೆಯುತ್ತದೆ; ಆ ಡಬ್ಬಿಯನ್ನು ನೆಟ್ಟಗೆ ಹಿಡಿಯಬೇಕು, ಓರೆ ಮಾಡಿದರೆ ಒಳಗಿನ ದ್ರವವೇ ಹೊರಬಂದು ತಗುಲಿದ ಜಾಗವನ್ನು ಹೆಪ್ಪುಗಟ್ಟಿಸುತ್ತದೆ. ಊದುವಾಗ ಫ್ಯಾನಿನ ರೆಕ್ಕೆಯನ್ನು ಒಂದು ಬೆರಳಿನಿಂದ ತಡೆದು ಹಿಡಿಯುವುದನ್ನು ಮರೆಯಬಾರದು. ಬಿಟ್ಟರೆ ಅದು ತನ್ನ ಶಕ್ತಿ ಮೀರಿ ಗಿರ್ರನೆ ತಿರುಗಿ ಬೇರಿಂಗು ಸವೆಯುತ್ತದೆ.

ನಾವು ಪೆಟ್ಟಿಗೆಯನ್ನು ಜಗಲಿಗೆ ತಂದು, ಮೂಗಿಗೆ ಬಟ್ಟೆ ಕಟ್ಟಿಕೊಂಡು, ಮೆತ್ತನೆಯ ಕುಂಚದಿಂದ ಕಂಬಳಿಯನ್ನು ಸಡಿಲಿಸಿ, ಒಳಗಿನಿಂದ ಹೊರಕ್ಕೆ ಊದಿದೆವು. ಧೂಳು ಮೋಡದಂತೆ ಎದ್ದಿತು. ಒಂದು ಗಂಟೆಯಾದ ಮೇಲೆ ಅಲ್ಯೂಮಿನಿಯಮ್ಮು ಹೊಸ ಪಾತ್ರೆಯಂತೆ ಬೆಳಗಿತು. ಸಂಸ್ಕಾರಕಕ್ಕೂ ಎಸಳುಗಳ ಕಟ್ಟಿಗೂ ನಡುವೆ ಶಾಖವನ್ನು ದಾಟಿಸುವ ಒಂದು ಲೇಪವಿರುತ್ತದೆ; ಅದು ವರ್ಷಗಳು ಕಳೆದಂತೆ ಒಣಗುತ್ತದೆ. ಅದನ್ನು ಬದಲಾಯಿಸುವುದು ಎಲ್ಲ ಸಲವೂ ಬೇಕಾದ ಕೆಲಸವಲ್ಲ, ಹೊಸಬರು ಕೈ ಹಾಕತಕ್ಕ ಕೆಲಸವೂ ಅಲ್ಲ. ಆ ದಿನ ಮಾತ್ರ ಹಳೆಯ ಲೇಪವು ಸುಣ್ಣದ ಚಕ್ಕೆಯಂತೆ ಆಗಿದ್ದುದರಿಂದ, ಐಸೊಪ್ರೊಪೈಲ್ ಆಲ್ಕೊಹಾಲಿನಲ್ಲಿ ಅದ್ದಿದ ಬಟ್ಟೆಯಿಂದ ಅದನ್ನು ತೊಡೆದು, ತೊಗರಿಕಾಳಿನಷ್ಟು ಹೊಸ ಲೇಪವನ್ನಿಟ್ಟು, ಕಟ್ಟನ್ನು ಅದರ ಮೇಲೆ ಕೂರಿಸಿದೆವು. ಲೇಪ ಹೆಚ್ಚಾದಷ್ಟೂ ಒಳ್ಳೆಯದೆಂದು ತಿಳಿಯಬಾರದು. ಎರಡು ಲೋಹಗಳ ನಡುವಿನ, ಕಣ್ಣಿಗೆ ಕಾಣದ ಹಳ್ಳತಿಟ್ಟುಗಳನ್ನು ತುಂಬುವುದಷ್ಟೇ ಅದರ ಕೆಲಸ.

ಪೆಟ್ಟಿಗೆಯ ಒಂದು ಮೂಲೆಯಲ್ಲಿ ಲೋಹದ ಇನ್ನೊಂದು ಚಿಕ್ಕ ಪೆಟ್ಟಿಗೆ ಇತ್ತು. ಅದರ ಕಿಂಡಿಯೊಳಗೂ ಧೂಳು ಕಾಣುತ್ತಿತ್ತು. ಮಾವನವರ ಹುರುಪು ಏರಿತ್ತು. “ಅದನ್ನೂ ಬಿಚ್ಚೋ” ಎಂದರು. ಅದೊಂದನ್ನು ಮಾತ್ರ ಬಿಚ್ಚಬಾರದು ಎಂದೆ. ಮನೆಗೆ ಬರುವ 230 ವೋಲ್ಟಿನ ವಿದ್ಯುತ್ತನ್ನು ಯಂತ್ರಕ್ಕೆ ಬೇಕಾದ 12, 5, 3.3 ವೋಲ್ಟುಗಳಿಗೆ ಇಳಿಸುವ ಭಾಗವದು. 230 ಎಂಬುದು ಪರ್ಯಾಯ ವಿದ್ಯುತ್ತಿನ ಒಂದು ಬಗೆಯ ಸರಾಸರಿ. ಅದರ ಅಲೆಯು ತನ್ನ ಶಿಖರದಲ್ಲಿ ಸುಮಾರು 325 ವೋಲ್ಟನ್ನು ಮುಟ್ಟುತ್ತದೆ. ಆ ಚಿಕ್ಕ ಪೆಟ್ಟಿಗೆಯೊಳಗಿನ ಧಾರಕಗಳು ಈ ಶಿಖರದ ಮಟ್ಟದವರೆಗೆ ತುಂಬಿಕೊಂಡಿರುತ್ತವೆ. ತಂತಿಯನ್ನು ಕಿತ್ತ ಮೇಲೂ ಅವು ಆ ತುಂಬನ್ನು ಬಿಟ್ಟುಕೊಡದೆ ಹಿಡಿದುಕೊಂಡಿರಬಹುದು. ಮುಟ್ಟಿದವನ ಪ್ರಾಣಕ್ಕೇ ಅಪಾಯ. ಹೊರಗಿನಿಂದ ಮೆಲ್ಲಗೆ ಊದಿ ಬಿಟ್ಟೆವು. ಮಾವನವರು ಸ್ವಲ್ಪ ಹೊತ್ತು ಸುಮ್ಮನಿದ್ದು, “ಬೀಗ ಹಾಕಿದ ಮನೆ ಅನ್ನು” ಎಂದರು.

ಸಂಜೆ ಎಲ್ಲವನ್ನೂ ಜೋಡಿಸಿ ಗುಂಡಿಯನ್ನೊತ್ತಿದಾಗ ಯಂತ್ರವು ಕಣ್ಣು ತೆರೆಯಿತು. ಮರುದಿನದ ಸುಡುಬಿಸಿಲಿನಲ್ಲಿಯೂ ಅದು ಆರಲಿಲ್ಲ. ವರದಿಯು ವಾರದ ಕೊನೆಗೆ ಅಚ್ಚಿಗೆ ಹೋಯಿತು. ಖರ್ಚಾದದ್ದು ಲೇಪಕ್ಕೂ ದ್ರವಕ್ಕೂ ಸೇರಿ ಮುನ್ನೂರು ರೂಪಾಯಿಯೊಳಗೆ.

ಆದರೆ ಆ ದಿನ ಇನ್ನೊಂದು ಸಂಗತಿ ಹೊರಬಿದ್ದಿತು. ಪೆಟ್ಟಿಗೆಯ ಲೋಹಕ್ಕೆ ಮುಂಗೈ ತಗುಲಿದಾಗ ಭಾವನವರಿಗೆ ಮೊದಲಿನಿಂದಲೂ ಜುಮ್ಮೆನ್ನುತ್ತಿತ್ತಂತೆ. ಅವರು ಅದನ್ನು ಗಣಕಯಂತ್ರಗಳ ಸ್ವಭಾವವೆಂದೇ ತಿಳಿದಿದ್ದರು. ಇದು ಸ್ವಭಾವವಲ್ಲ, ಎಚ್ಚರಿಕೆ. ವಿದ್ಯುತ್ತಿನೊಡನೆ ಬರುವ ಕಲಬೆರಕೆಯನ್ನು ಸೋಸಿ ನೆಲಕ್ಕೆ ಬಿಡುವ ಏರ್ಪಾಡೊಂದು ಆ ಚಿಕ್ಕ ಪೆಟ್ಟಿಗೆಯಲ್ಲಿರುತ್ತದೆ. ನೆಲದ ದಾರಿ, ಎಂದರೆ ಅರ್ತಿಂಗ್, ಇಲ್ಲದಿದ್ದರೆ ಅದೆಲ್ಲ ಪೆಟ್ಟಿಗೆಯ ಮೈಮೇಲೆಯೇ ನಿಲ್ಲುತ್ತದೆ. ಮೂರು ಕಡ್ಡಿಗಳ ಪ್ಲಗ್ಗನ್ನು ನೋಡಿದ್ದೀರಷ್ಟೆ? ಅದರ ದಪ್ಪನೆಯ ಕಡ್ಡಿಯು ಉಳಿದೆರಡಕ್ಕಿಂತ ಉದ್ದವಾಗಿರುವುದು ಏಕೆಂದರೆ, ವಿದ್ಯುತ್ತು ಬರುವ ಮೊದಲೇ ನೆಲದ ದಾರಿ ಕೂಡಿಕೊಂಡಿರಬೇಕು. ಹೋಗುವಾಗ ಅದು ಕೊನೆಯಲ್ಲಿ ಹೋಗಬೇಕು. ಆ ಕಡ್ಡಿಯನ್ನು ಮುರಿದು ಎರಡು ತೂತಿನ ಸಾಕೆಟ್ಟಿಗೆ ತುರುಕುವವರನ್ನು ನಾನು ಕಂಡಿದ್ದೇನೆ. ಅವರ ಧೈರ್ಯವನ್ನು ಮೆಚ್ಚಲು ನನ್ನಿಂದ ಆಗದು.

ಭಾವನವರ ಮನೆಯಲ್ಲಿ ಅರ್ತಿಂಗ್ ಗುಂಡಿ ಇತ್ತು, ಹಿತ್ತಿಲಿನಲ್ಲಿ, ದಾಸವಾಳದ ಗಿಡದ ಪಕ್ಕದಲ್ಲಿ. ಮನೆ ಕಟ್ಟಿಸುವಾಗ ಮಾವನವರೇ ನಿಂತು ಮಾಡಿಸಿದ್ದು. ಲೋಹದ ಕೊಳವೆಯನ್ನು ಹುಗಿದು ಅದರ ಸುತ್ತ ಉಪ್ಪನ್ನೂ ಇದ್ದಿಲನ್ನೂ ಪದರಪದರವಾಗಿ ತುಂಬುವುದು ಹಳೆಯ ಪದ್ಧತಿ. ಇದ್ದಿಲು ತೇವವನ್ನು ಹಿಡಿದಿಡುತ್ತದೆ, ಉಪ್ಪು ಆ ತೇವವನ್ನು ವಿದ್ಯುತ್ತಿಗೆ ಒಳ್ಳೆಯ ದಾರಿಯನ್ನಾಗಿ ಮಾಡುತ್ತದೆ. ಕಬ್ಬಿಣವನ್ನು ಕರಗಿಸಿದ ಇದ್ದಿಲೇ ಇಲ್ಲಿ ಮನೆಯ ಕಾವಲಿಗೆ ಕುಳಿತಿತ್ತು. ಬೇಸಗೆಯಲ್ಲಿ ಅದಕ್ಕೆ ನೀರು ಹಾಕುವುದನ್ನು ಎಲ್ಲರೂ ಮರೆತಿದ್ದರು. ಗುಂಡಿ ಒಣಗಿ ಬಿರುಕುಬಿಟ್ಟಿತ್ತು. ವಿದ್ಯುತ್ ಕೆಲಸ ಬಲ್ಲವನೊಬ್ಬನು ಬಂದು ತುಕ್ಕು ಹಿಡಿದಿದ್ದ ಸಂಧಿಯನ್ನು ಸರಿಪಡಿಸಿ, ನಾಲ್ಕು ಕೊಡ ನೀರು ಹೊಯ್ಯಿಸಿದ ಮೇಲೆ ಜುಮ್ಮೆನ್ನುವುದು ನಿಂತಿತು.

ಶಿವಮೊಗ್ಗದ ಕಡೆ ಬೇಸಗೆಯ ಕೊನೆಯೆಂದರೆ ಗುಡುಗುಮಿಂಚಿನ ಕಾಲ. ಮೇ ತಿಂಗಳ ಮಧ್ಯಾಹ್ನ ಮೋಡ ಕವಿದು ದೂರದಲ್ಲಿ ಗುಡುಗಿದಾಗಲೇ ಗಣಕಯಂತ್ರವನ್ನು ಮುಚ್ಚಿ ಪ್ಲಗ್ಗನ್ನು ಕಿತ್ತಿಡಬೇಕು. ಮಿಂಚು ತಲೆಯ ಮೇಲೆ ಬಂದ ಮೇಲೆ ತಂತಿಗಳನ್ನು ಮುಟ್ಟಬಾರದು. ಅಂತರ್ಜಾಲದ ತಂತಿಯನ್ನೂ ಕೀಳಬೇಕೆಂಬುದು ಹಲವರಿಗೆ ನೆನಪಾಗುವುದಿಲ್ಲ. ಅದೂ ಸಿಡಿಲಿಗೆ ಒಂದು ಹಾದಿ. ಆಮೇಲೆ ಮಳೆಗಾಲ. ತುಂಗೆ ಭದ್ರೆಯರು ಕೆಂಪಾಗಿ ಹರಿಯುವ ಆ ತಿಂಗಳುಗಳಲ್ಲಿ ಚರ್ಮದ ಚಪ್ಪಲಿಯ ಮೇಲೂ ಬೂಷ್ಟು ಬೆಳೆಯುತ್ತದೆ. ಆಗ ಯಂತ್ರವನ್ನು ವಾರಗಟ್ಟಲೆ ಸುಮ್ಮನೆ ಇಡುವುದಕ್ಕಿಂತ ಎರಡು ಮೂರು ದಿನಗಳಿಗೊಮ್ಮೆ ಒಂದು ಗಂಟೆ ನಡೆಸುವುದು ಮೇಲು, ಅದರ ಬಿಸಿಯೇ ಅದರ ತೇವವನ್ನು ಓಡಿಸುತ್ತದೆ. ಆದರೆ ಆ ಬೆಚ್ಚನೆಯ ಗೂಡನ್ನು ಹುಡುಕಿಕೊಂಡು ಇರುವೆ, ಹಲ್ಲಿಗಳೂ ಬರುತ್ತವೆ. ಹಿಂಭಾಗದ ತೆರೆದ ಕಿಂಡಿಗಳಿಗೆ ಮುಚ್ಚಳವಿರದಿದ್ದರೆ ಹಲ್ಲಿಯೊಂದು ಒಳಗೆ ಸತ್ತು ಯಂತ್ರವನ್ನೂ ಕೊಲ್ಲಬಹುದು. ಇದು ನಮ್ಮ ಮಲೆನಾಡಿನ ಪಾಡು ಮಾತ್ರವಲ್ಲ. 1947ರಲ್ಲಿ ಅಮೆರಿಕದ ಹಾರ್ವರ್ಡಿನಲ್ಲಿ ಕೋಣೆಯಷ್ಟು ದೊಡ್ಡದಾದ ಗಣಕವೊಂದು ಕೆಟ್ಟಾಗ ಹುಡುಕಿದವರಿಗೆ ಅದರ ರಿಲೇಯೊಂದರಲ್ಲಿ ಸಿಕ್ಕಿದ್ದು ಒಂದು ಪತಂಗ. ಅವರು ಅದನ್ನು ದಿನಚರಿಯ ಪುಸ್ತಕಕ್ಕೆ ಅಂಟಿಸಿ ಟಿಪ್ಪಣಿ ಬರೆದಿಟ್ಟರು.

ಆಯುಧಪೂಜೆಯ ದಿನ ಗಣಕಯಂತ್ರಕ್ಕೂ ಕುಂಕುಮವಿಡುವ ಸಂಪ್ರದಾಯ ಈಗ ಬಂದಿದೆ. ಬೇಡವೆನ್ನುವವನು ನಾನಲ್ಲ. ಪೆಟ್ಟಿಗೆಯ ನೆತ್ತಿಯ ಮೇಲೆ ಒಂದು ಬೊಟ್ಟು, ಪಕ್ಕದಲ್ಲಿ ಒಂದು ಹೂವು ಸಾಕು. ಗಾಳಿಯ ಕಿಂಡಿಯ ಮೇಲೆ ಅರಿಸಿನ ಎರಚುವುದೂ ಕೀಲಿಮಣೆಗೆ ತೀರ್ಥ ಚಿಮುಕಿಸುವುದೂ ದೇವರಿಗೆ ಪ್ರೀತಿಯಾದ ಸೇವೆಯೆಂದು ನನಗೆ ತೋರುವುದಿಲ್ಲ. ತೆರೆಯನ್ನು ಒರಸುವಾಗಲೂ ಅಷ್ಟೇ. ನೀರನ್ನು ಅದರ ಮೇಲೆ ಚಿಮುಕಿಸದೆ, ಮೆತ್ತನೆಯ ಬಟ್ಟೆಯನ್ನು ತುಸುವೇ ತೇವ ಮಾಡಿಕೊಂಡು, ಯಂತ್ರ ಆರಿರುವಾಗ ಒತ್ತದೆ ಒರಸಬೇಕು. ಎಣ್ಣೆ ನೀರುಗಳಿಲ್ಲದ ಅಭ್ಯಂಜನವೆಂದರೆ ಇದೇ.

ಭಾವನವರ ಪೆಟ್ಟಿಗೆಯ ಒಳಹಲಗೆಗೆ ಮಾವನವರು ಒಂದು ಚೀಟಿ ಅಂಟಿಸಿಸಿದರು. ಬಿಚ್ಚಿದ ದಿನ, ಮಾಡಿದ ಕೆಲಸ, ಮಾಡಿದವರ ಸಹಿ ಹೀಗೆ ಮೂರು ಅಂಕಣ. ಕಾರ್ಖಾನೆಯ ಕ್ರಮವೇ ಅದು. ಆರು ತಿಂಗಳಿಗೊಮ್ಮೆ ಬಾಗಿಲು ತೆರೆಯತಕ್ಕದ್ದೆಂದು ಗೊತ್ತಾಯಿತು. ಆಗ ಅವರು ಕೇಳಿದ ಇನ್ನೊಂದು ಪ್ರಶ್ನೆಗೆ ಮಾತ್ರ ಭಾವನವರಲ್ಲಿ ಉತ್ತರವಿರಲಿಲ್ಲ: “ಇದು ಸುಟ್ಟೇ ಹೋದರೆ, ನೀನು ಬರೆದದ್ದೆಲ್ಲ ಎಲ್ಲಿರುತ್ತದೆ?” ಬರೆದದ್ದೆಲ್ಲ ಇದ್ದುದು ಪೆಟ್ಟಿಗೆಯೊಳಗಿನ ಒಂದೇ ಹಾರ್ಡ್ ಡಿಸ್ಕಿನಲ್ಲಿ. ಅದರೊಳಗೆ ತಟ್ಟೆಯೊಂದು ನಿಮಿಷಕ್ಕೆ ಸಾವಿರಾರು ಸುತ್ತು ತಿರುಗುತ್ತಿರುತ್ತದೆ. ಅದನ್ನು ಓದುವ ಮೊನೆಯು ಕೂದಲಿನ ದಪ್ಪದ ಸಾವಿರಾರು ಪಾಲಿನಲ್ಲಿ ಒಂದು ಪಾಲಿನಷ್ಟು ಎತ್ತರದಲ್ಲಿ ತೇಲುತ್ತಿರುತ್ತದೆ. ನಡೆಯುತ್ತಿರುವಾಗ ಒಂದು ಬಲವಾದ ಏಟು ಬಿದ್ದರೆ ಎಲ್ಲವೂ ಅಳಿಸಿಹೋಗಬಹುದು. ಧೂಳು ತೆಗೆದು ಉಳಿಸಿಕೊಳ್ಳುವುದಕ್ಕೆ ಅಲ್ಲಿ ಅವಕಾಶವೇ ಇಲ್ಲ, ಅದನ್ನು ಮನೆಯಲ್ಲಿ ಬಿಚ್ಚುವಂತೆಯೂ ಇಲ್ಲ.

ಆ ವಾರವೇ ಭಾವನವರು ಎರಡು ಚಿಕ್ಕ ಡಿಸ್ಕುಗಳನ್ನು ಕೊಂಡರು. ಒಂದು ಅವರ ಬೀರುವಿನಲ್ಲಿರುತ್ತದೆ. ಇನ್ನೊಂದು ಶಿವಮೊಗ್ಗದ ನಮ್ಮ ಮನೆಯಲ್ಲಿ, ಪತ್ರಗಳ ಪೆಟ್ಟಿಗೆಯಲ್ಲಿ. ತಿಂಗಳಿಗೊಮ್ಮೆ ಅವರು ಕೆಲಸದ ಮೇಲೆ ಇಲ್ಲಿಗೆ ಬಂದಾಗ, ಹೊಸದಾಗಿ ನಕಲು ಮಾಡಿದ್ದನ್ನು ಕೊಟ್ಟು ಹಳೆಯದನ್ನು ಕರವಸ್ತ್ರದಲ್ಲಿ ಸುತ್ತಿಕೊಂಡು ಭದ್ರಾವತಿಯ ಬಸ್ಸು ಹತ್ತುತ್ತಾರೆ.